ಎಡಗಡೆಯ ಎರಡನೆಯ ಹಲ್ಲು

ಆ ಊರಿನಲ್ಲಿ ದೇವರು ಕೊಟ್ಟ ಹಲ್ಲುಗಳಿಗಿಂತ ಮೇಣದಣ್ಣ ಕೂರಿಸಿಕೊಟ್ಟ ಹಲ್ಲುಗಳೇ ಹೆಚ್ಚು. ನಂಬಿಕೆ ಬಾರದಿದ್ದರೆ ಹೋಗಿ ಎಣಿಸಿಕೊಂಡು ಬನ್ನಿ. ಎಣಿಸುವಾಗ ಯಾರಾದರೂ ಬೆರಳು ಕಚ್ಚಿದರೆ ಕಚ್ಚಿದ ಹಲ್ಲೂ ಅವನದೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲುಸೆಟ್ಟು ಕಟ್ಟುವ ಕಾರ್ಖಾನೆ. ಕಾರ್ಖಾನೆ ಎಂದದ್ದು ಯಜಮಾನರ ಬಾಯಿ. ಕಣ್ಣಿಟ್ಟು ನೋಡಿದರೆ ಎರಡು ಕೋಣೆ, ಒಂದು ಮಂಕು ಕಿಟಕಿ. ದಂತವೈದ್ಯರು ಮುದುಕರ ಬೋಳು ಒಸಡಿನ ಅಚ್ಚು ತೆಗೆದು ಕಳಿಸುತ್ತಿದ್ದರು. ಅದರೊಳಗೆ ಪ್ಲಾಸ್ಟರು ಹೊಯ್ದು ದವಡೆ ಎಬ್ಬಿಸುವವರು ಸುಣ್ಣದ ಮಾವ. ಹುಬ್ಬಿನ ತನಕ ಬಿಳಿ ಪುಡಿ ಮೆತ್ತಿಕೊಂಡಿದ್ದರಿಂದ ಆ ಹೆಸರು. ದವಡೆಯ ಮೇಲೆ ಗುಲಾಬಿ ಮೇಣ ಹರಡಿ ಒಂದೊಂದೇ ಹಲ್ಲು ಊರುವವನು ಮೇಣದಣ್ಣ. ಗೋಡೆಯ ಕಪಾಟುಗಳ ತುಂಬ ಹಳೆಯ ದವಡೆಗಳು. ಊರಿನ ಅರ್ಧ ಜನ ಅಲ್ಲಿ ಬಾಯಿ ತೆರೆದುಕೊಂಡು ಕೂತಿದ್ದರು. ಅವರಲ್ಲಿ ಎಷ್ಟೋ ಜನ ಸತ್ತೇ ಹೋಗಿದ್ದರು, ಆದರೂ ಬಾಯಿ ಮುಚ್ಚಿರಲಿಲ್ಲ.

ನಲವತ್ತು ದಾಟಿದ, ಮದುವೆಯಾಗದ, ಅಕ್ಕ ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುವ ಮೇಣದಣ್ಣನ ಕೈಯಷ್ಟು ಸ್ಥಿರವಾದ ಕೈ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಭೂಕಂಪವಾದರೆ ಭೂಮಿ ಅಲುಗೀತು, ಅವನ ಚೂರಿ ಅಲುಗದು. ಅದೇ ಅವನ ದೋಷ. ಅವನು ಕೂರಿಸಿದ ಹಲ್ಲುಗಳು ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗಿರುತ್ತಿದ್ದವು. ಹಾಕಿಕೊಂಡ ಅಜ್ಜ ನಕ್ಕರೆ ಬಚ್ಚಲುಮನೆಯ ಗೋಡೆ ನಕ್ಕ ಹಾಗೆ.

"ಸ್ವಲ್ಪ ತಪ್ಪು ಮಾಡೋ ಮಾರಾಯ," ಎಂದು ಯಜಮಾನರು ಗೋಗರೆಯುತ್ತಿದ್ದರು. "ಮನುಷ್ಯರ ಬಾಯಲ್ಲಿ ಎಲ್ಲಾದ್ರೂ ಒಂದು ಸೊಟ್ಟ ಇರುತ್ತೆ. ಒಂದನ್ನ ಸೊಟ್ಟ ಕೂರಿಸು."

"ಯಾವುದನ್ನ ಸರ್? ಎಷ್ಟು?"

"ಅದನ್ನೂ ನಾನೇ ಹೇಳಿದ್ರೆ ತಪ್ಪು ನಂದಾಗುತ್ತಲ್ಲಪ್ಪ!"

ಹೀಗಿರುವಾಗ ಸೆಟ್ಟುಗಳನ್ನು ಮೋಟಾರಿಗೆ ಹಿಡಿದು ಪಾಲಿಶ್ ಮಾಡಲು ಒಬ್ಬಳು ಬಂದು ಸೇರಿದಳು. ಮೂವತ್ತೈದರ ಆಚೀಚೆ ವಯಸ್ಸು, ಹರಿತವಾದ ನಾಲಿಗೆ. ಧೂಳಿಗೆಂದು ಕಟ್ಟಿದ ಬಟ್ಟೆಯ ಮಾಸ್ಕು ಯಾವಾಗಲೂ ಗದ್ದದ ಕೆಳಗೆ ಜೋತಾಡುತ್ತಿತ್ತು, ಏಕೆಂದರೆ ಮಾತಾಡದೆ ಅವಳಿಗೆ ಕೈ ಓಡುತ್ತಿರಲಿಲ್ಲ. ಅವಳ ಜಾಗ ಮೇಣದಣ್ಣನ ಎದುರಿಗೇ. ಎಲ್ಲರೂ ಅವಳನ್ನು ಪಾಲಿಶಕ್ಕ ಎಂದರು. ಮೇಣದಣ್ಣ ಮಾತ್ರ "ಇವರೇ" ಎಂದ. ಊರಿಗೆಲ್ಲ ಅಣ್ಣನಾದ ಅವನನ್ನು ಅವಳೂ ಬಾಲ ಕತ್ತರಿಸಿ "ಮೇಣದವರೇ" ಎಂದು ಕರೆದಳು. ಸುಣ್ಣದ ಮಾವ ಬಿಳಿ ಹುಬ್ಬು ಎತ್ತಿ ಇಬ್ಬರನ್ನೂ ನೋಡಿ, ಪುನಃ ಪ್ಲಾಸ್ಟರು ಕಲಸಲು ಹೋದರು.

ಅವಳ ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೆಯ ಹಲ್ಲು ಪಕ್ಕದ ಹಲ್ಲಿನ ಮೇಲೆ ಚೂರು ವಾಲಿಕೊಂಡಿತ್ತು. ಬಸ್ಸಿನಲ್ಲಿ ನಿದ್ದೆ ಬಂದವರು ಗುರುತಿಲ್ಲದವರ ಹೆಗಲಿಗೆ ಒರಗುತ್ತಾರಲ್ಲ, ಹಾಗೆ. ಮಾತಾಡಿದರೆ ಅರ್ಧ ಕಾಣುತ್ತಿತ್ತು, ನಕ್ಕರೆ ಪೂರ್ತಿ.

ಅವಳು ಬಂದ ಮೇಲೆ ಕಾರ್ಖಾನೆಯ ನಸೀಬು ಖುಲಾಯಿಸಿತು. ಮೇಣದಣ್ಣನ ಸೆಟ್ಟುಗಳಿಗೆ ಇದ್ದಕ್ಕಿದ್ದಂತೆ ಜೀವ ಬಂತು. ವೈದ್ಯರು ಫೋನು ಮಾಡಿ ಹೊಗಳಿದರು. ಹಲ್ಲು ಗಟ್ಟಿಯಿದ್ದ ಒಬ್ಬ ಶ್ರೀಮಂತರು ಇದ್ದ ಹಲ್ಲನ್ನು ಕೀಳಿಸಿ ಇಲ್ಲಿಂದ ಕಟ್ಟಿಸಿಕೊಂಡರು ಎಂಬ ಸುದ್ದಿಯೂ ಹಬ್ಬಿತು, ಹಬ್ಬಿಸಿದವರು ಯಜಮಾನರು. "ಏನು ಮಾಡಿದೆಯೋ?" ಎಂದು ಕೇಳಿದರೆ ಮೇಣದಣ್ಣ "ಏನೂ ಇಲ್ಲ ಸರ್, ಕೈ ತಾನೇ ಹೋಗುತ್ತೆ" ಎನ್ನುತ್ತಿದ್ದ. ಅಪ್ಪಟ ಸತ್ಯ. ತನ್ನ ಕೈ ಎಲ್ಲಿಗೆ ಹೋಗುತ್ತಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದ್ದು ಸರ್ಕಾರ.

ಪಿಂಚಣಿ ಪಡೆಯುವ ಮುದುಕರು ವರ್ಷಕ್ಕೊಮ್ಮೆ ಕಚೇರಿಗೆ ಖುದ್ದಾಗಿ ಬಂದು, ಸತ್ತಿಲ್ಲವೆಂದು ಮುಖ ತೋರಿಸಿ ಹೋಗಬೇಕು. ಆ ವರ್ಷ ಪಿಂಚಣಿ ಸಾಹೇಬರು ಒಬ್ಬ ಅಜ್ಜಿಯ ನಗುಮುಖ ನೋಡಿ ಪೆನ್ನು ಕೆಳಗಿಟ್ಟರು.

"ಅಮ್ಮಾ, ನೀವು ಬೆಳಿಗ್ಗೆ ಬಂದು ಹೋದ್ರಲ್ಲ?"

"ನಾನಾ? ಈಗ ತಾನೇ ಬಸ್ಸಿಳಿದೆ ಕಣಪ್ಪ."

"ಹಾಗಾದ್ರೆ ಬಂದಿದ್ದು ನಿಮ್ಮ ತಂಗಿ."

"ನನಗೆ ತಂಗೀನೇ ಇಲ್ಲ," ಎಂದು ಅಜ್ಜಿ ನಕ್ಕಳು. ಅಜ್ಜಿಯ ಹಿಂದೆ ನಿಂತಿದ್ದ ಪೊದೆ ಮೀಸೆಯ ಮಾಜಿ ಲಾರಿ ಚಾಲಕರೂ ಮಾತು ಕೇಳಿ ನಕ್ಕರು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

"ನೀವು ಇವರ ಅಣ್ಣಾನಾ?"

"ಇವರು ಯಾರೋ ಏನೋ ಸ್ವಾಮಿ!"

ಸಾಹೇಬರು ಬಾಗಿಲಿಗೆ ಬಂದು ಸಾಲಿನ ಉದ್ದಕ್ಕೂ ನೋಡಿದರು. ಸಾಹೇಬರೇ ಹೊರಗೆ ಬಂದರಲ್ಲ ಎಂಬ ಗೌರವಕ್ಕೆ ಸಾಲಿಗೆ ಸಾಲೇ ಹಲ್ಲು ಬಿಟ್ಟಿತು. ಕಟ್ಟಡದ ಮೂಲೆಯವರೆಗೂ ಒಂದೇ ನಗು. ಒಂದೇ ಕುಟುಂಬ ಇಡೀ ಊರಿನ ಪಿಂಚಣಿ ನುಂಗುತ್ತಿದೆ ಎಂದು ಅವರಿಗೆ ಖಾತ್ರಿಯಾಗಿಹೋಯಿತು. ವಿಚಾರಣೆ ಮಾಡಿದಾಗ ಕುಟುಂಬ ಸಿಗಲಿಲ್ಲ, ಹಲ್ಲಿನ ಕಾರ್ಖಾನೆ ಸಿಕ್ಕಿತು. ಅವರು ಮೆಟ್ಟಿಲು ಹತ್ತಿ ಬಂದಾಗ ಎದ್ದು ಕುರ್ಚಿ ಎಳೆದವಳು ಪಾಲಿಶಕ್ಕ.

"ಬನ್ನಿ ಸರ್, ಕೂತ್ಕೊಳ್ಳಿ," ಎಂದು ನಕ್ಕಳು.

ಸಾಹೇಬರು ಕೂರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಬೆರಳು ಚಾಚಿದರು. "ಇವಳೇ! ಇವಳೇ ಮೂಲ!"

ಮೋಟಾರುಗಳು ನಿಂತವು. ಎಲ್ಲರೂ ಅವಳ ಬಾಯಿ ನೋಡಿದರು. ಆಮೇಲೆ ಮೇಣದಣ್ಣನ ಮುಂದೆ ಸಾಲಾಗಿ ಇಟ್ಟಿದ್ದ ಸೆಟ್ಟುಗಳನ್ನು ನೋಡಿದರು. ಒಂದೊಂದರಲ್ಲೂ ಎಡಗಡೆಯ ಎರಡನೆಯ ಹಲ್ಲು ನಿದ್ದೆಗಣ್ಣಿನಲ್ಲಿ ಪಕ್ಕಕ್ಕೆ ಒರಗಿತ್ತು. ಕೊನೆಗೆ ಎಲ್ಲರೂ ಮೇಣದಣ್ಣನನ್ನು ನೋಡಿದರು. ಅವನ ಮುಖ ಅವನ ಮೇಣದ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ ದೇವರೇ," ಎಂದರು ಸುಣ್ಣದ ಮಾವ. "ನಾವು ಇವಳನ್ನ ಪೂರ್ತಿ ಜಿಲ್ಲೆಗೆ ಹಂಚಿಬಿಟ್ಟಿದ್ದೇವೆ."

ಅವಳು ಕೋಪ ಮಾಡಿಕೊಳ್ಳಲಿಲ್ಲ. ಒಂದು ಸೆಟ್ಟನ್ನು ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ, ತನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. "ಕನ್ನಡಿ ಮುಂದೆ ನಿಂತು ನಾನೇ ಇಷ್ಟು ಸರಿಯಾಗಿ ನೋಡಿರಲಿಲ್ಲ ಮೇಣದವರೇ," ಎಂದಳು. ಆ ಮಾತಿಗೆ ಉತ್ತರ ಬೇಕಿತ್ತು. ಮೇಣದಣ್ಣ ಮೇಣ ಕರಗಿಸುವ ದೀಪದ ಬತ್ತಿ ಸರಿ ಮಾಡಿದ.

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಅಕ್ಕ ಬಾಗಿಲಲ್ಲೇ ತೀರ್ಪು ಕೊಟ್ಟಳು.

"ಇದು ಅದೇ."

"ಅದೇ ಅಂದ್ರೆ ಯಾವುದು?" ಎಂದರು ಭಾವ. ಅವರು ತೂಕ ಅಳತೆ ಇಲಾಖೆಯವರು. ಯಾವುದನ್ನೂ ತಕ್ಕಡಿಗೆ ಹಾಕದೆ ಒಪ್ಪುವ ಜಾಯಮಾನವಲ್ಲ. "ಮೆಚ್ಚೋದು ಬೇರೆ, ಮರುಳಾಗೋದು ಬೇರೆ. ಪರೀಕ್ಷೆ ಮಾಡೋಣ. ಬಾರಯ್ಯ, ಕೂತ್ಕೋ. ಅವರು ಬರದೇ ಇದ್ದ ದಿನ ನಿನಗೆ ಊಟ ಸೇರುತ್ತಾ?"

"ಸೇರುತ್ತೆ ಭಾವ. ಒಂದು ತಟ್ಟೆ."

"ಬಂದ ದಿನ?"

"ಎರಡು."

"ನೋಡು! ಮರುಳಾಗಿದ್ರೆ ಊಟ ಇಳೀಬೇಕು. ಇವನದು ಏರಿದೆ. ಶುದ್ಧ ಮೆಚ್ಚುಗೆ."

"ನನ್ನ ನೋಡಿದ ಮೇಲೆ ನಿಮ್ಮ ಊಟ ಯಾವಾಗ ಇಳಿದಿತ್ರೀ?" ಎಂದಳು ಅಕ್ಕ.

ಭಾವ ಆ ಪ್ರಶ್ನೆಯನ್ನು ಕಡತಕ್ಕೆ ಸೇರಿಸಿಕೊಳ್ಳಲಿಲ್ಲ. "ನಾನು ನಮ್ಮ ಹಳೇ ಸಾಹೇಬರನ್ನ ಬಹಳ ಮೆಚ್ಚಿದ್ದೆ. ಅವರ ಹಾಗೇ ಮೀಸೆ ಬಿಟ್ಟೆ, ಅವರ ಹಾಗೇ ಕೆಮ್ಮೋದು ಕಲಿತೆ. ಹಾಗಂತ ಅವರ ಜತೆ ಸಂಸಾರ ಮಾಡ್ಬೇಕು ಅನ್ನಿಸಿತ್ತಾ?"

"ಅವರಿಗೂ ಅನ್ನಿಸಿರಲ್ಲ ಬಿಡಿ. ದೊಡ್ಡ ಮನುಷ್ಯರು."

ಕಾಫಿಪುಡಿ ಕೇಳಲು ಬಂದಿದ್ದ ಮೇಲಿನ ಮನೆಯ ಕಾಲೇಜು ಹುಡುಗಿ ಎಲ್ಲ ಕೇಳಿಸಿಕೊಂಡು, "ಆಂಟಿ, ಈ ಅಂಕಲ್‌ಗೆ ಕ್ರಶ್ ಆಗಿದೆ ಅಷ್ಟೇ," ಎಂದಳು.

"ಅದಕ್ಕೆ ಔಷಧಿ ಉಂಟೇನೇ?" ಎಂದು ಅಕ್ಕ ಗಾಬರಿಯಾದಳು.

"ತಾನೇ ಹೋಗುತ್ತೆ ಆಂಟಿ. ಹೋಗದೇ ಇದ್ರೆ ಅದು ಕ್ರಶ್ ಅಲ್ಲ."

ತಟ್ಟೆಯ ಮುಂದೆ ಕೂತ ಮೇಣದಣ್ಣ ಮೂವರ ಬಾಯಿಯನ್ನೂ ಸರದಿಯಂತೆ ನೋಡುತ್ತಿದ್ದ. ಅವನಿಗೆ ಭಾವನ ತೀರ್ಪೇ ಹಿತವೆನಿಸಿತು. ಮೆಚ್ಚುಗೆ ಎಂದರೆ ಗೌರವ, ಗೌರವ ಎಂದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಜಗತ್ತಿನ ಹೇಡಿಗಳೆಲ್ಲ ತಂಗುವ ಛತ್ರಕ್ಕೆ ಗೌರವ ಎಂದೇ ಹೆಸರು. ಅವನು ಅಲ್ಲಿ ಒಂದು ಚಾಪೆ ಹಾಸಿಕೊಂಡ.

ಚಾಪೆ ಬೆಚ್ಚಗಾಗುವ ಮೊದಲೇ ಅನಾಹುತವಾಯಿತು.

ಪಾಲಿಶಕ್ಕನನ್ನು ಒಪ್ಪಿದ್ದ ಅಂಚೆ ಗುಮಾಸ್ತನೊಬ್ಬನಿದ್ದ. ತಾಯಿಯ ಒಬ್ಬನೇ ಮಗ, ಸಾಧು ಪ್ರಾಣಿ, ಸ್ಟಾಂಪಿಗೆ ಅಂಟು ಹಚ್ಚುವಾಗಲೂ ಸ್ಟಾಂಪಿನ ಅನುಮತಿ ಕೇಳುವಂಥವನು. ಭಾನುವಾರ ಮದುವೆಯ ಮಾತು ಮುಗಿಸಲೆಂದು ತಾಯಿಯನ್ನು ಅವಳ ಮನೆಗೆ ಕರೆತಂದ. ಚಹಾ ಬಂತು. ಗುಮಾಸ್ತ ಅದ್ದಿದ ಬಿಸ್ಕತ್ತು ಮುರಿದು ಲೋಟದ ತಳ ಸೇರಿತು. ಸೋಫಾದ ಈ ತುದಿಯಲ್ಲಿ ತಾಯಿ ನಕ್ಕಳು. ಆ ತುದಿಯಲ್ಲಿ ಪಾಲಿಶಕ್ಕ ನಕ್ಕಳು. ತಾಯಿಯ ಸೆಟ್ಟು ಮೇಣದಣ್ಣನ ಕೈಯದು.

ಗುಮಾಸ್ತ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹುಟ್ಟಿದಂದಿನಿಂದ ಒಂದು ಕಡೆಯಿಂದ ಮಾತ್ರ ನಗೆಗೆ ಗುರಿಯಾದ ಬಡಪಾಯಿ.

"ಇಬ್ಬರು ಅಮ್ಮಂದಿರು ನನ್ನ ಕೈಲಾಗಲ್ಲ!" ಎಂದವನೇ ಎದ್ದು ಓಡಿದ. ಓಡುವ ರಭಸಕ್ಕೆ ಇದ್ದ ಒಬ್ಬ ಅಮ್ಮನನ್ನೂ ಅಲ್ಲೇ ಬಿಟ್ಟು ಹೋದ. ಪಾಲಿಶಕ್ಕನೇ ಆ ಮುದುಕಿಯನ್ನು ರಿಕ್ಷಾದಲ್ಲಿ ಮನೆ ತಲುಪಿಸಬೇಕಾಯಿತು. ದಾರಿಯುದ್ದಕ್ಕೂ ಮುದುಕಿ "ಬೇಜಾರು ಮಾಡ್ಕೋಬೇಡಮ್ಮ" ಎಂದು ಅವಳದೇ ನಗು ನಕ್ಕು ಅವಳನ್ನೇ ಸಮಾಧಾನ ಮಾಡಿದಳಂತೆ. ಇದಕ್ಕಿಂತ ಕ್ರೂರವಾದ ಪ್ರಯಾಣ ಯಾರಾದರೂ ಮಾಡಿದ್ದರೆ ಬಂದು ಹೇಳಲಿ.

ಸೋಮವಾರ ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ನೇರ ಮೇಣದಣ್ಣನ ಮೇಜಿನ ಮುಂದೆ ಬಂದು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಸುಣ್ಣದ ಮಾವನ ಬೋಗುಣಿಯಲ್ಲಿ ಕಲಸಿದ ಪ್ಲಾಸ್ಟರು ಹಾಗೇ ಗಟ್ಟಿಯಾಯಿತು, ಚಮಚವೂ ಒಳಗೇ ಉಳಿಯಿತು.

"ಒಂದೇ ಮಾತು ಕೇಳ್ತೀನಿ ಮೇಣದವರೇ. ಇಷ್ಟು ದಿನ ಎದುರಿಗೆ ಕೂತು ನೀವು ನೋಡಿದ್ದೇನು? ಹಲ್ಲನ್ನಾ, ನನ್ನನ್ನಾ?"

ಯಜಮಾನರು ತಮ್ಮ ಕೋಣೆಯ ಬಾಗಿಲು ಸ್ವಲ್ಪವೇ ತೆರೆದರು.

"ಸಿಟ್ಟಿಗೆ ಕೇಳ್ತಾ ಇಲ್ಲ," ಎಂದಳು ಅವಳು. ಧ್ವನಿ ತಗ್ಗಿತ್ತು. "ನನಗೆ ಗೊತ್ತಾಗ್ಬೇಕು. ಅಷ್ಟೇ."

ಆ ಕ್ಷಣ ಮೇಣದಣ್ಣನ ನಾಲಿಗೆಯ ತುದಿಗೆ ಬೇರೆಯೇ ಉತ್ತರ ಬಂತು. ಬಂದದ್ದನ್ನು ಹಾಗೇ ಹೊರಗೆ ಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿದು, ನಾವೆಲ್ಲ ಸಿಹಿ ತಿಂದು ಮನೆಗೆ ಹೋಗಬಹುದಿತ್ತು. ಆದರೆ ಭಾವನ ತೀರ್ಪು ಬಾಗಿಲಲ್ಲಿ ಕಾವಲು ನಿಂತಿತ್ತು. ಅವಳಿಗೆ ಮರ್ಯಾದೆ ಕೊಡಬೇಕು, ಯಾರೂ ತಪ್ಪು ತಿಳಿಯಬಾರದು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ.

"ಹಲ್ಲು," ಎಂದ. ಸಾಲದೆಂದು ಒತ್ತಿ ಹೇಳಿದ: "ಹಲ್ಲು ಮಾತ್ರ ಇವರೇ. ಆಣೆ ಮಾಡಿ ಹೇಳ್ತೀನಿ. ಬೇರೆ ಯಾವ ಕಡೆಗೂ ನೋಡಿಲ್ಲ. ವೃತ್ತಿಯ ಮೇಲಿನ ಮೆಚ್ಚುಗೆ."

ಅವಳು ತಲೆಯಾಡಿಸಿದಳು. ಎಷ್ಟು ಹೊತ್ತು ಆಡಿಸಿದಳೆಂದರೆ, ಅವಳೇ ನಿಲ್ಲಿಸುವುದನ್ನು ಮರೆತ ಹಾಗಿತ್ತು.

"ಸರಿ ಮೇಣದಣ್ಣ," ಎಂದಳು.

ಗದ್ದದ ಕೆಳಗಿನ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಹೋಗಿ ಮೋಟಾರು ಹಾಕಿದಳು.

"ದಂಡಪಿಂಡ," ಎಂದರು ಸುಣ್ಣದ ಮಾವ, ಗಟ್ಟಿಯಾದ ಬೋಗುಣಿಯನ್ನು ಉದ್ದೇಶಿಸಿ.

ಆಮೇಲೆ ಆ ಮಾಸ್ಕು ಇಳಿಯಲಿಲ್ಲ. ಮಾತೂ ನಿಂತಿತು. ಎದುರುಬದುರು ಕೂತು ಒಬ್ಬಳು ಉಜ್ಜುತ್ತಿದ್ದಳು, ಒಬ್ಬ ಊರುತ್ತಿದ್ದ. ನಡುವೆ ಗುಲಾಬಿ ಧೂಳು ಮೆಲ್ಲಗೆ ಇಳಿಯುತ್ತಿತ್ತು. ಮೇಣದಣ್ಣನ ಹಲ್ಲುಗಳು ಪುನಃ ಕವಾಯತಿಗೆ ನಿಂತವು. ಊರಿನಲ್ಲಿ ಹೊಸದಾಗಿ ಹಲ್ಲು ಕಟ್ಟಿಸಿಕೊಂಡವರು ನಗುವುದನ್ನೇ ಬಿಟ್ಟರು. ಯಜಮಾನರು ತಲೆಯ ಮೇಲೆ ಕೈಹೊತ್ತು "ಒಂದು ಸೊಟ್ಟ, ಒಂದೇ ಒಂದು ಸೊಟ್ಟ" ಎಂದು ಜಪ ಮಾಡಿದರು. ಮನೆಯಲ್ಲಿ ಅವನ ಊಟ ಎರಡು ತಟ್ಟೆಯಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಯಿತು. ಭಾವ ಆ ಅರ್ಧ ತಟ್ಟೆಯನ್ನು ನೋಡಿಯೂ ನೋಡದವರಂತೆ ಪತ್ರಿಕೆ ಎತ್ತಿ ಹಿಡಿದರು. ಇಲಾಖೆಯವರು ತಮ್ಮ ತಕ್ಕಡಿ ಸುಳ್ಳೆಂದು ಒಪ್ಪಿದ ಉದಾಹರಣೆ ಇತಿಹಾಸದಲ್ಲಿ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಪಕ್ಕದ ಊರಿನ ಇನ್ನೊಂದು ಕಾರ್ಖಾನೆಗೆ ಕೆಲಸ ಗಟ್ಟಿ ಮಾಡಿಕೊಂಡಳು. ಹೊರಡುವ ದಿನ ಮೇಣದಣ್ಣನ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ್ದೊಂದು ಪೊಟ್ಟಣ ಇಟ್ಟಳು. ಅವಳದೇ ಮೇಲಿನ ಸಾಲು, ಪ್ಲಾಸ್ಟರಿನಲ್ಲಿ. ತಾನೇ ಅಚ್ಚು ತೆಗೆದುಕೊಂಡು, ಸುಣ್ಣದ ಮಾವನ ಕೈಲಿ ಹೊಯ್ಯಿಸಿದ್ದಳು.

"ನಿಮಗೆ ಬೇಕಾಗಿದ್ದು ಇದು ತಾನೇ. ಇಟ್ಕೊಳ್ಳಿ. ಇನ್ನು ಕೆಲಸಕ್ಕೆ ತೊಂದರೆ ಆಗಲ್ಲ."

ಮೇಣದಣ್ಣ ಏನು ಹೇಳಿದನೆಂದು ಕೇಳುತ್ತೀರಾ? "ಥ್ಯಾಂಕ್ಸ್" ಎಂದ. ಮನುಷ್ಯಕುಲ ಬಾಯಿ ಪಡೆದ ಮೇಲೆ ಆ ಬಾಯಿ ಇಷ್ಟು ವ್ಯರ್ಥವಾದದ್ದು ಇನ್ನೊಮ್ಮೆ ಇರಲಾರದು.

ಅವಳು ಮೆಟ್ಟಿಲಿಳಿದು ಹೋದ ಮೇಲೆ ಅವನು ಅಚ್ಚನ್ನು ಎದುರಿಗಿಟ್ಟುಕೊಂಡು ಕೂತ. ಯಜಮಾನರು ಬಂದು ನೋಡಿ ಕುಣಿದಾಡಿಬಿಟ್ಟರು. ವಾಲಿಕೆ ಅಳೆದಾಯಿತು, ಎಷ್ಟು ಸೊಟ್ಟ ಎಂಬುದಕ್ಕೆ ಕೊನೆಗೂ ಲೆಕ್ಕ ಸಿಕ್ಕಿತು. ಮೇಣದಣ್ಣ ಅದನ್ನು ಮೇಲೆ ನೋಡಿದ, ಕೆಳಗೆ ನೋಡಿದ, ದೀಪದ ಬೆಳಕಿಗೆ ತಿರುಗಿಸಿ ನೋಡಿದ. ಒಳ್ಳೆಯ ಹಲ್ಲು. ಅಪರೂಪದ್ದೇನಲ್ಲ, ನೂರು ಜನರಲ್ಲಿ ಹತ್ತು ಜನರ ಬಾಯಲ್ಲಿ ಇರುವಂಥದ್ದೇ. ಮೆಚ್ಚಿದ. ಚಹಾದ ಹೊತ್ತಿಗೆ ಮೆಚ್ಚಿ ಮುಗಿಯಿತು.

ಎದುರಿನ ಖಾಲಿ ಸ್ಟೂಲನ್ನು ನೋಡಿದ. ಅದು ಮುಗಿಯಲಿಲ್ಲ. ಸಂಜೆಯಾದರೂ ಮುಗಿಯಲಿಲ್ಲ.

"ಮಾವ, ಈ ಅಚ್ಚು ಸರಿಯಾಗಿ ಹೊಯ್ದಿದ್ದೀರಾ?" ಎಂದು ಕೇಳಿದ. "ಏನೋ ಕಡಿಮೆ ಇದೆ."

"ಕಡಿಮೆ ಇರೋದು ಬಸ್ಸು ಹತ್ತಿ ಹೋಯ್ತಲ್ಲೋ ಕತ್ತೆ!"

ಅಷ್ಟು ಬಿಡಿಸಿ ಹೇಳಿದ ಮೇಲೂ ಅವನಿಗೆ ಹೊರಡಲು ಚಳಿಗಾಲ ಬರಬೇಕಾಯಿತು. ಗೌರವದ ಛತ್ರದಿಂದ ಚಾಪೆ ಸುತ್ತಿಕೊಂಡು ಎದ್ದು ಬರುವುದೇನು ಸಣ್ಣ ಕೆಲಸವೇ! ಕೊನೆಗೊಂದು ಭಾನುವಾರ ಅಕ್ಕ ಅಂಗಿ ಇಸ್ತ್ರಿ ಮಾಡಿ ಕೊಟ್ಟು, ಕೈಗೆ ಬಸ್ಸಿನ ದುಡ್ಡು ತುರುಕಿ, ಬೆನ್ನಿಗೆ ಒಂದು ಗುದ್ದು ಗುದ್ದಿ ಬಸ್ಸಿಗೆ ಹತ್ತಿಸಿದಳು.

ಹೊಸ ಊರಿನಲ್ಲಿ ಅವಳ ಬಾಡಿಗೆ ಕೋಣೆಯ ಕೆಳಗೆ ಒಂದು ಬೇಕರಿ. ಅವಳು ಇಳಿದು ಬಂದಳು. ಮಾಸ್ಕು ಇರಲಿಲ್ಲ. ಇಬ್ಬರೂ ಒಂದು ಪುಟ್ಟ ಮೇಜಿನ ಎರಡು ಕಡೆ ಕೂತರು. ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಮೇಣದಣ್ಣ ಚಹಾ ಬರುವ ಮೊದಲೇ ಹೇಳಿಬಿಟ್ಟ.

"ಅವತ್ತು ನಾನು ಹೇಳಿದ್ದು ತಪ್ಪು. ಹಲ್ಲಲ್ಲ. ನಿಮ್ಮನ್ನೇ ನೋಡ್ತಾ ಇದ್ದೆ. ನನಗೇ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತು," ಎಂದಳು ಅವಳು. "ನಿಮಗೆ ಗೊತ್ತಿದೆಯಾ ಅಂತ ಕೇಳಿದ್ದೆ."

ಚಹಾ ಬಂತು. ಯಾರೂ ಲೋಟ ಮುಟ್ಟಲಿಲ್ಲ.

"ಅವರು ವಾಪಸ್ ಬಂದ್ರು," ಎಂದಳು. "ಅಂಚೆಯವರು. ಕ್ಷಮೆ ಕೇಳಿದ್ರು. ಬರೋ ತಿಂಗಳು ಮದುವೆ."

ಮೇಣದಣ್ಣ ಹೂಂ ಎಂದ.

"ಅವರೇನು ದೊಡ್ಡ ಧೈರ್ಯವಂತರಲ್ಲ. ಆದರೆ ಹೆದರಿದ್ದು ಯಾಕೆ ಅಂತ ನನ್ನ ಮುಖಕ್ಕೇ ಹೇಳಿ ಓಡಿದ್ರು. ನೀವು ಇಷ್ಟಪಟ್ಟಿದ್ದು ಯಾಕೆ ಅಂತ ಹೇಳದೆ ಅಲ್ಲೇ ಕೂತಿದ್ರಿ." ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರೊಂದನ್ನು ಸರಿಸಿ, "ಸಿಟ್ಟಿಲ್ಲ," ಎಂದಳು. ಆಮೇಲೆ ಸುಣ್ಣದ ಮಾವ ಹೇಗಿದ್ದಾರೆಂದು ಕೇಳಿದಳು. ಬೋಗುಣಿಯಿಂದ ಆ ಚಮಚ ಇನ್ನೂ ಬಂದಿಲ್ಲವೆಂದು ಅವನು ಹೇಳಿದ. ಅವಳು ಜೋರಾಗಿ ನಕ್ಕಳು. ಅವನೂ ನಕ್ಕ. ಅವಳ ಕಣ್ಣು ನೋಡುತ್ತ, ಕಣ್ಣಿನ ಬದಿಯ ಗೆರೆಗಳನ್ನು ನೋಡುತ್ತ, ಇದು ಕೊನೆಯದು ಇದು ಕೊನೆಯದು ಎಂದುಕೊಳ್ಳುತ್ತ ನಕ್ಕ.

ನಗು ನಿಂತ ಮೇಲೆ ಅವಳು ಅವನನ್ನೇ ದಿಟ್ಟಿಸಿದಳು. "ಏನೂ ಕೇಳಲೇ ಇಲ್ಲವಲ್ಲ ನೀವು?"

"ಏನನ್ನ?"

"ಹಲ್ಲು. ಕ್ಯಾಪ್ ಹಾಕಿಸಿ ನೆಟ್ಟಗೆ ಮಾಡಿಸಿಕೊಂಡೆ. ಊರೆಲ್ಲ ಹಾಕ್ಕೊಂಡು ತಿರುಗೋದು ನನಗ್ಯಾಕೆ ಅಂತ. ತಿಂಗಳಾಯ್ತು."

ಜಿಲ್ಲೆಯ ಅಷ್ಟೂ ಬಾಯಿಗಳ ಒಡೆಯ, ಹಲ್ಲಿನ ವಿಷಯದಲ್ಲಿ ಹದ್ದಿನ ಕಣ್ಣಿನವನು, ಮೇಜಿನ ಆಚೆ ಬದಿಯಲ್ಲಿ ಅಷ್ಟು ಹೊತ್ತು ಕೂತಿದ್ದವನು, ಬಾಯಿ ತೆರೆದು ಕೂತ.

"ನಾನು... ಗಮನಿಸಲಿಲ್ಲ," ಎಂದ.

ಅವಳು ಎರಡೂ ಕೈಗಳಿಂದ ಆರಿದ ಲೋಟವನ್ನು ಹಿಡಿದುಕೊಂಡು ಬೀದಿಯ ಕಡೆಗೆ ತಿರುಗಿದಳು. ಹಾಗೆ ತಿರುಗಿದವಳು ಬಹಳ ಹೊತ್ತು ಈ ಕಡೆ ನೋಡಲಿಲ್ಲ.

ಅವನು ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಭಾವ ಪತ್ರಿಕೆ ಇಳಿಸಿದರು.

"ಸಿಕ್ಕಿದಳೇನೋ? ಏನಂದಳು? ನಕ್ಕಳಾ?"

"ನಕ್ಕರು ಅಕ್ಕ."

"ಮತ್ತೆ? ಆ ಹಲ್ಲು ಹಾಗೇ ಇದೆಯಾ?"

ಮೇಣದಣ್ಣ ಚಪ್ಪಲಿ ಬಿಟ್ಟು ಮೂಲೆಯಲ್ಲಿ ಜೋಡಿಸಿಟ್ಟ. ಒಂದು ಸೊಟ್ಟಗಿತ್ತು, ಹಾಗೇ ಬಿಟ್ಟ.

"ನಾನು ನೋಡಲಿಲ್ಲ ಅಕ್ಕ," ಎಂದ.

ಹುಟ್ಟಿದಾಗಿನಿಂದ ಒಂದು ಮಾತಿಗೆ ಹತ್ತು ಮಾತು ಆಡಿದ ಅಕ್ಕ ತಮ್ಮನ ಮುಖ ನೋಡಿದಳು. ಭಾವ ತಮ್ಮ ಕನ್ನಡಕ ತೆಗೆದು ಒರೆಸಲು ತೊಡಗಿದರು. ಅಕ್ಕ ಒಳಗೆ ಹೋಗಿ ತಟ್ಟೆ ಹಾಕಿದಳು.